ಮೂರನೆಯವರ ನೆತ್ತರು

ಪರಶಿವ ಲೋಕಗಳನ್ನು ಹಂಚುವಾಗ, ಸೂರ್ಯನೇ ಆರಿದ ಕೆಂಡದಂತಿರುವ ಒಂದು ದೂರದ ಗ್ರಹವನ್ನು ನೆತ್ತರು ಕುಡಿಯುವವರಿಗೆ ಕೊಟ್ಟ. ನಾವು ಅವರನ್ನು ರಕ್ತಪಿಶಾಚಿ ಅಂತೀವಿ. ತಮ್ಮ ನೆಲದಲ್ಲಿ ಅವರೂ ಸಂಸಾರಸ್ಥರೇ. ಗಂಡು ಗಂಡನ್ನು ವರಿಸಿದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮದುವೆಯಾದ ಮೇಲೆ ಇವನ ನೆತ್ತರು ಅವನಿಗೆ, ಅವನದು ಇವನಿಗೆ. ಸಂಗಾತಿ ಕೊಟ್ಟದ್ದು ಹೇಗಿದ್ದರೂ ಪ್ರಸಾದ. ತಾನಾಗಿ ಮೂರನೆಯವರದನ್ನು ಬಾಯಿಗಿಟ್ಟವನಿಗೆ ಮಾತ್ರ ಮತ್ತೆ ಆ ನೆಲದಲ್ಲಿ ಜಾಗವಿಲ್ಲ. ಅವನು ಶುದ್ಧನೋ ಅಲ್ಲವೋ ಎಂದು ಸಂಗಾತಿಯೇ ಹೇಳಬೇಕು. ಆ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ.

ಬ್ಯಾಂಕಿನವರಿಗೆ ವರ್ಗಾವಣೆ ಇದ್ದ ಹಾಗೆ ಅಲ್ಲಿಯ ಹೊಸ ಜೋಡಿಗಳಿಗೆ ಬೇರೆ ಲೋಕದ ಪಾಳಿ. ಹಾಗೆ ಇಬ್ಬರು ಗಂಡುಗಳ ಒಂದು ಜೋಡಿ ವಿಶಾಖಪಟ್ಟಣಕ್ಕೆ ಬಂದಿಳಿಯಿತು. ಮಹಡಿ ಬಾಡಿಗೆಗೆ ಕೊಟ್ಟವಳು ಹಾಸನದ ಕಡೆಯ ಗಿರಿಜಮ್ಮ. ಮಗನ ಬ್ಯಾಂಕ್ ನೌಕರಿಯ ಹಿಂದೆ ಬಂದು, ಕನ್ನಡ ಕಿವಿಗೆ ಬೀಳದೆ ಒಣಗಿದ್ದಳು. ಇಬ್ಬರಿಗೂ ಭಾಷೆ ಕಲಿಸಿದಳು. ಅವರ ಹೆಸರು ನಾಲಿಗೆಗೆ ಹತ್ತದೆ, ಮೆತ್ತಗಿನವನಿಗೆ ಶ್ರೀವತ್ಸ ಎಂದಿಟ್ಟಳು, ಉದ್ದ ಹಲ್ಲಿನವನಿಗೆ ಫಣಿ. "ತಿನ್ನೋದೇನೂ ಕಾಣೆ, ಹಲ್ಲು ಮಾತ್ರ ದೇವ್ರು ಧಾರಾಳವಾಗಿ ಕೊಟ್ಟಿದಾನೆ ಕಣೋ ನಿಂಗೆ" ಎನ್ನುತ್ತಿದ್ದಳು.

ಶ್ರೀವತ್ಸ ಊರಾಚೆಯ ಪರವಾಡದ ಔಷಧ ಕಾರ್ಖಾನೆ ಸೇರಿದ. ಫಣಿಗೆ ವಿಜಯವಾಡದಲ್ಲಿ, ಗವರ್ನರ್‌ಪೇಟೆಯ ಒಂದು ರಕ್ತನಿಧಿಯಲ್ಲಿ ಕೆಲಸ ಸಿಕ್ಕಿತು. ಭಾನುವಾರ ರೈಲಿನಲ್ಲಿ ಬರುವನು. ತಮ್ಮ ಲೋಕದ ತಂಪಿನಲ್ಲಿ ಕುಡಿದಷ್ಟೂ ಊರುವ ನೆತ್ತರು ಇಲ್ಲಿಯ ಬಿಸಿಲಿಗೆ ಊರಲಿಲ್ಲ. ಸಂಗಾತಿ ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಶ್ರೀವತ್ಸ ಕೊಟ್ಟೂ ಕೊಟ್ಟೂ ಕಡ್ಡಿಯಾದ. ಅದನ್ನು ನೋಡಲಾರದೆ ಫಣಿ ಒಂದು ದಿನ ಅವಧಿ ಮೀರಿದ ರಕ್ತದ ಚೀಲವೊಂದನ್ನು ಕಚ್ಚಿ ಹರಿದ. ಆಮೇಲೆ ಹೊಟ್ಟೆ ತುಂಬಿಕೊಂಡೇ ಬಂದು, ತನಗೆ ಹಸಿವಿಲ್ಲವೆಂದು ಹೇಳಿ, ನೀನೇ ಕುಡಿ ಎಂದು ತನ್ನ ಕೈಯನ್ನು ಮುಂದೆ ಚಾಚತೊಡಗಿದ. ಶ್ರೀವತ್ಸನ ಕೆನ್ನೆಗೆ ಬಣ್ಣ ಬಂತು. ಗಿರಿಜಮ್ಮ ಅದು ತನ್ನ ಕಷಾಯದ ಗುಣ ಎಂದುಕೊಂಡಳು. ಪ್ರೀತಿಯ ಮುಖ ಹೊತ್ತು ಬಂದ ಪಾಪವನ್ನು ಗುರುತಿಸಲು ದೇವರಿಗೂ ಒಂದು ಗಳಿಗೆ ಬೇಕಾದೀತು.

ಪಾಳಿ ಮುಗಿಯಿತು. ಕರೆದೊಯ್ಯುವ ವಾಹನ ಸಂಜೆ ಋಷಿಕೊಂಡದ ಕಡಲ ದಡಕ್ಕೆ ಇಳಿಯುವುದಿತ್ತು. ಮನುಷ್ಯರ ಕಣ್ಣಿಗೆ ಅದು ಬರೀ ಮಂಜು. ಮರಳಲ್ಲಿ ಕೂತು ಕಾಯುವಾಗ ಫಣಿ ಎಲ್ಲ ಹೇಳಿಬಿಟ್ಟ. ವಾಹನದಲ್ಲಿ ಬರುವ ತಮ್ಮ ಕುಲದ ಹಿರಿಯಳು ಕೇಳಿದಾಗ ತನ್ನ ಪರ ಒಂದು ಮಾತು ಆಡಬೇಕೆಂದು ಬೇಡಿಕೊಂಡ.

"ಗೊತ್ತಿತ್ತು," ಎಂದ ಶ್ರೀವತ್ಸ. "ಮೊದಲ ಸಲವೇ. ನಿನ್ನ ನೆತ್ತರಲ್ಲಿ ಸಕ್ಕರೆ ಕಾಯಿಲೆ ಮಾತ್ರೆಯ ಕಹಿ ಇತ್ತು. ಕಾರ್ಖಾನೆಯಲ್ಲಿ ದಿನಾ ನಾನೇ ಬೆರೆಸೋ ಪುಡಿ, ನಂಗೆ ತಿಳಿಯಲ್ವೇನೋ?"

"ಮತ್ತೆ ಕುಡಿದೆಯಲ್ಲ?"

"ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಾ ಕುಡಿದೆ. ಬಾಗಿಲು ತೆರೆಯೋ ಹೊತ್ತಿಗೆ ಬಾಯಿಬಿಟ್ಟೆ ನೀನು."

"ನಿನ್ನ ಉಳಿಸೋಕೆ ಕಣೋ ಮಾಡಿದ್ದು."

"ನನ್ನನ್ನ ಕೇಳಿದ್ಯಾ? ಊರವರನ್ನೆಲ್ಲ ಒಳಗೆ ತುಂಬ್ಕೊಂಡು ಬರ್ತಿದ್ದೆ. ಅವರ ಮಧ್ಯೆ ನಿನ್ನ ಹುಡುಕಿ ಹುಡುಕಿ ಸಾಕಾಯ್ತು."

ಗುಡ್ಡದ ಮೇಲಿನ ಕಚೇರಿಗಳ ಹಿಂದೆ ಸೂರ್ಯ ಇಳಿದ. ಮಂಜು ದಡ ಮುಟ್ಟಿತು. ಹಿರಿಯಳು ಹೊಸ್ತಿಲಲ್ಲಿ ನಿಂತು, ಇವನು ನಿನ್ನವನೇ ಎಂದು ಶ್ರೀವತ್ಸನನ್ನು ಕೇಳಿದಳು. ಹೌದು ಎಂದರೆ ಇಬ್ಬರೂ ಮನೆ ಸೇರಬಹುದಿತ್ತು. ಫಣಿ ಆಗಲೇ ಒಂದು ಕಾಲು ಮುಂದಿಟ್ಟಿದ್ದ.

"ಆಗಿದ್ದ," ಎಂದ ಶ್ರೀವತ್ಸ.

ಹಿರಿಯಳು ಅವನಿಗಷ್ಟೇ ದಾರಿ ಬಿಟ್ಟಳು. ಅವನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲವೇನೋ, ಶಿವನೇ ಬಲ್ಲ.

ವಿಜಯವಾಡದ ರೈಲಿನಲ್ಲಿ ಎದುರು ಕೂತ ಹೆಂಗಸು ಫಣಿಯ ಬಾಡಿದ ಮುಖ ನೋಡಿ, ಪುಳಿಹೋರ ಅನ್ನದ ಡಬ್ಬಿ ಚಾಚಿ, ತಿನ್ನು ಬಾಬು ಎಂದಳು. ಅವನು ಬೇಡವೆಂದು ಕೈಮುಗಿದ. ಅದುವರೆಗೆ ಉಸಿರಾಡುವ ಯಾರನ್ನೂ ಅವನು ಮುಟ್ಟಿದವನಲ್ಲ. ಕಣ್ಣು ಮಾತ್ರ ಅವಳ ಕೊರಳಲ್ಲಿ, ಕರಿಮಣಿಯ ಪಕ್ಕದಲ್ಲಿ, ನಿಂತೇಬಿಟ್ಟಿತ್ತು.