ಬಾಗಿಲ ಮೇಲಿನ ಮೆಣಸಿನ ಸರ

ಎರಡು ಸಾವಿರದ ಆರನೆಯ ಇಸವಿಯ ಏಪ್ರಿಲ್ ಮುಗಿಯುತ್ತ ಬಂದಿತ್ತು. ಭೂಮಿಯ ದಕ್ಷಿಣಾರ್ಧದ ಹ್ಯಾಮಿಲ್ಟನ್ನಿನಲ್ಲಿ ಅದು ಚಳಿ ಕಾಲೂರುವ ಹೊತ್ತು. ವೈಕಾಟೊ ನದಿಯಿಂದ ಎದ್ದ ಮಂಜು ಹತ್ತು ಗಂಟೆಯಾದರೂ ಹಿತ್ತಲು ಬಿಟ್ಟು ಕದಲುತ್ತಿರಲಿಲ್ಲ. ಇಬ್ಬನಿ ಹೆಪ್ಪುಗಟ್ಟುವ ಮೊದಲು ಮೆಣಸಿನಕಾಯಿ ಬಿಡಿಸಿ ಮುಗಿಸಬೇಕೆಂದು ಪಕ್ಕದ ಮನೆಯ ಬಾಲಿಂಟ್ ಬೆಳಗಿನಿಂದಲೇ ಸಾಲಿನಲ್ಲಿ ಬಾಗಿದ್ದರು. ವಸಂತಾ ಬಾಲಿಂಟರ ಜಗಲಿಯಲ್ಲಿ ಕೂತು, ತೊಟ್ಟಿಗೆ ದಬ್ಬಣ ಚುಚ್ಚಿ ಸರ ಪೋಣಿಸುತ್ತಿದ್ದಳು.

ಬಾಲಿಂಟ್ ಹಂಗೆರಿಯವರು, ತಿಸಾ ನದಿಯ ದಂಡೆಯ ಸೆಗೆಡ್ ಅವರ ಊರು. ಐವತ್ತಾರರ ದಂಗೆಯಲ್ಲಿ ದೇಶ ಬಿಡುವಾಗ ತಾಯಿಯ ಗಡಿಗೆಯಿಂದ ಒಂದು ಮುಷ್ಟಿ ಬೀಜವನ್ನು ಹೇಳದೆ ತೆಗೆದು ಕೋಟಿನ ಒಳಪದರದಲ್ಲಿ ಅಡಗಿಸಿಕೊಂಡಿದ್ದರು. ಗಡಿ ದಾಟಿ ಬರೆದ ಮೊದಲ ಕಾಗದದಲ್ಲೇ, ತಿರುಗಿ ಕೊಡುತ್ತೇನೆ ಅಂದಿದ್ದರು. ತಾಯಿ ತೀರಿಕೊಂಡರು, ಕೊಡುವುದಾಗಲಿಲ್ಲ. ಈಗ ಹೊಳೆ ಉಕ್ಕಿ ತಂಗಿ ಮಾರ್ಗಿತ್‌ಳ ತೋಟವೂ ಬೀಜದ ಗಡಿಗೆಯೂ ನೀರುಪಾಲಾಗಿದ್ದವು. 'ಅಣ್ಣಾ, ಅಮ್ಮನ ಬೀಜ ನಿನ್ನ ಹತ್ತಿರ ಮಾತ್ರ ಉಳಿದಿದೆ' ಎಂದು ಅವಳು ಫೋನ್ ಮಾಡಿದ್ದಳು; ಈ ಬೆಳೆಯ ಬೀಜ ಅವಳಿಗೆ ಹೋಗಬೇಕಿತ್ತು.

"ಸೆಪ್ಟೆಂಬರಿನಲ್ಲಿ ನಮ್ಮ ಸೆಗೆಡ್‌ಗೆ ಬಂದು ನೋಡಬೇಕು ನೀನು," ಬಾಲಿಂಟ್ ಬುಟ್ಟಿ ಇಳಿಸುತ್ತ ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದರು. "ಸರ ತೂಗಿಬಿಟ್ಟು ಗೋಡೆಗಳೇ ಕಾಣಿಸೋದಿಲ್ಲ."

"ನಮ್ಮ ಬ್ಯಾಡಗಿಯಲ್ಲಿ ನೆಲಾನೇ ಕಾಣಿಸೋದಿಲ್ಲ ಅಂಕಲ್."

"ನನ್ನ ಅಜ್ಜಿ ಚಿಕ್ಕವಳಿದ್ದಾಗ ಆ ತಿಸಾ ನದಿ ನಮ್ಮ ಇಡೀ ಊರನ್ನೇ ನುಂಗಿತ್ತು. ಮತ್ತೆ ಕಟ್ಟಿದಾಗ, ನೆರವಾದ ಪಟ್ಟಣಗಳ ಹೆಸರನ್ನು ರಸ್ತೆಗೆ ಇಟ್ಟರು. ವಿಯೆನ್ನಾ, ಪ್ಯಾರಿಸ್, ಲಂಡನ್. ಸಾಲಗಾರರ ಊರು ನಮ್ಮದು. ಮೂಲೆಮೂಲೆಗೂ ಬೋರ್ಡು!" ಎಂದು ನಕ್ಕು ಮತ್ತೆ ಸಾಲಿಗೆ ಹೋದರು.

ಒಂದು ಕಾಯಿ ಸೀಳಿಹೋಗಿತ್ತು. ವಸಂತಾ ಹಳೆಯ ಅಭ್ಯಾಸದಂತೆ ಅದರ ಒಳಗಿನ ನರವನ್ನು ನಾಲಿಗೆಗೆ ಮುಟ್ಟಿಸಿದಳು. ಅದು ಖಾರವೇ ಇಲ್ಲದ ಜಾತಿ. ಆದರೆ ನಾಲಿಗೆ ಚುರ್ ಎಂದಿತು. ಇನ್ನೊಂದು ಮುರಿದಳು, ಮತ್ತೊಂದು. ಮೂರೂ ಖಾರ.

ಅವಳ ಕೈ ನಿಂತಿತು. ಎರಡು ವರ್ಷದ ಹಿಂದೆ ಈ ಮನೆಗೆ ಬಂದ ಅಕ್ಟೋಬರಿನಲ್ಲಿ, ಇಂಡಿಯನ್ ಅಂಗಡಿಯ ಬ್ಯಾಡಗಿ ಮೆಣಸಿನ ಬೀಜವನ್ನು ಬೇಲಿಯ ಬುಡದಲ್ಲಿ ಎರಚಿದವಳು ಅವಳೇ. ಅವರದಕ್ಕೂ ಇವಳದಕ್ಕೂ ನಡುವೆ ಇದ್ದದ್ದು ಬೇಲಿಯೊಂದೇ. ಜೇನಿಗೆ ಬೇಲಿ ಎಲ್ಲಿಯದು? ಹೋದ ವರ್ಷ ಅದು ಬೆರೆಸಿದ ಪರಾಗ ಈ ವರ್ಷದ ಕಾಯಲ್ಲಿ ಖಾರವಾಗಿ ಬಂದಿತ್ತು. ರಾಣೆಬೆನ್ನೂರಿನ ಬೀಜದ ಪ್ಲಾಟುಗಳಲ್ಲಿ ಚಿಮಟಿ ಹಿಡಿದು ಹೂವಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಮಾಡಿ ಬೆಳೆದವಳು ಅವಳು. ಎರಡು ಜಾತಿಯ ನಡುವೆ ಎಷ್ಟು ದೂರ ಬಿಡಬೇಕೆಂದು ಚೆನ್ನಾಗಿ ಬಲ್ಲವಳೇ ಮರೆತಿದ್ದಳು. ಬಾಲಿಂಟರಿಗೆ ಗೊತ್ತಾಗುವಂತಿರಲಿಲ್ಲ. ಹೊಟ್ಟೆಯ ಆಪರೇಷನ್ ಆದ ಮೇಲೆ ಅವರು ಮೆಣಸು ಬಾಯಿಗಿಟ್ಟಿರಲಿಲ್ಲ. ಹೊಸ ಬೀಜ ಬಂದ ಮೇಲೆ ಹಳೆಯದನ್ನು ಇಟ್ಟುಕೊಳ್ಳದೆ ಪ್ರತಿ ವರ್ಷ ಕೋಳಿಗಳಿಗೆ ಹಾಕಿಬಿಡುತ್ತಿದ್ದರು.

ಸಂಜೆ ಹಾಲಿನಪುಡಿ ಫ್ಯಾಕ್ಟರಿಯಿಂದ ಬಂದ ಗಂಡ ಬದರಿನಾಥ್ ಎಲ್ಲ ಕೇಳಿಸಿಕೊಂಡ.

"ಸುಮ್ನಿರು. ಹೇಳಿದ್ರ ಮುದುಕ ಎದಿ ಒಡಕೊಂಡಾನು. ಯಾರಿಗ್ ಗೊತ್ತಾಗ್ತದ?"

"ಆ ತಂಗಿಗೆ ಗೊತ್ತಾಗ್ತದಲ್ರೀ, ಬಾಯಾಗ ಇಟ್ಟ ಕೂಡ್ಲೇ."

"ನಮ್ಮ ಬ್ಯಾಡಗಿ ಏನ್ ಕೆಟ್ಟದ್ದೇನ? ಅವರೂ ಒಂದೀಟು ಕೆಮ್ಮಲಿ ಬಿಡು."

ವಸಂತಾ ನಗಲಿಲ್ಲ. "ಐವತ್ತು ವರ್ಷ ಕಾಪಾಡ್ಯಾರ್ರೀ ಅದನ್ನ. ನಾ ಎರಡ ವರ್ಷದಾಗ ಕೆಡಿಸೀನಿ."

ಚಪ್ಪಲಿ ಒಳಗಿಡಲು ಬಾಗಿಲಿಗೆ ಹೋದವಳು ತಲೆಯೆತ್ತಿದಳು. ಬಾಗಿಲ ಮೇಲೆ ಕಪ್ಪುಗೆಂಪಾದ ಮೆಣಸಿನ ಸರ ತೂಗುತ್ತಿತ್ತು. ಮನೆಗೆ ಬಂದ ಮೊದಲ ವಾರ ಬಾಲಿಂಟ್ ಕೊಟ್ಟದ್ದು. ಸಾರಿಗೆ ಹಾಕಲು ಮನಸ್ಸಾಗದೆ ತೋರಣ ಕಟ್ಟಿದ್ದಳು; ಯುಗಾದಿಗೊಮ್ಮೆ ಧೂಳು ಕೊಡವಿ, ಅದರ ಪಕ್ಕ ಮಾವಿನೆಲೆ ಸಿಗದೆ ಯಾವುದೋ ಹಸಿರೆಲೆ ಸಿಕ್ಕಿಸುತ್ತಿದ್ದಳು. ಅದು ಅವಳು ಬೇಲಿಯ ಬುಡದಲ್ಲಿ ಬೀಜ ಎರಚುವ ಮೊದಲಿನ ಬೆಳೆ.

ಮರುದಿನ ಬೆಳಿಗ್ಗೆ ಸರವನ್ನು ಮಡಿಲಲ್ಲಿಟ್ಟುಕೊಂಡು ಬಾಲಿಂಟರೆದುರು ಕೂತು, ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಬುಟ್ಟಿಯಿಂದ ಒಂದು ಕಾಯಿ ಎತ್ತಿ, ಮುರಿದು, ಮೂಸಿ ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ ತಮ್ಮ ಸಾಲಿನ ಗಿಡಗಳನ್ನು ಒಂದೊಂದಾಗಿ ಕೀಳತೊಡಗಿದರು. ವಸಂತಾ ಇನ್ನೊಂದು ತುದಿಯಿಂದ ಕಿತ್ತಳು. ನಡುವೆ ಎದುರಾದಾಗ ಅವರು ಅವಳ ಮುಖ ನೋಡದೆ, "ಸರ ಕೊಡು," ಅಂದರು.

ಸರದ ಕಾಯಿಗಳನ್ನು ಒಡೆದು, ಆ ಹಳೆಯ ಬೀಜದಲ್ಲಿ ಒಂದಿಷ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟರು. ಒಂಬತ್ತು ದಿನ ಏನೂ ಇಲ್ಲ. ವಸಂತಾ ದಿನಾ ಹೋಗಿ ನೋಡಿ ಬಂದಳು. ಹತ್ತನೆಯ ದಿನ ಬಾಲಿಂಟ್ ಬೇಲಿಯ ಬಳಿ ಬಂದು ಬಟ್ಟೆ ಬಿಚ್ಚಿ ಹಿಡಿದರು. ಎಲ್ಲ ಅಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಬೀಜಗಳಿಂದ ಬೆಳ್ಳನೆಯ ಮೊಳಕೆ ಇಣುಕಿತ್ತು.

ಉಳಿದ ಒಣಬೀಜವನ್ನು ಎರಡು ಪಾಲು ಮಾಡಿ ಒಂದನ್ನು ಲಕೋಟೆಗೆ ಹಾಕಿ ಅಂಟಿಸಿದರು; ಮೇಲೆ ಮಾರ್ಗಿತ್‌ಳ ಹೆಸರು, ಸೆಗೆಡ್ ವಿಳಾಸ.

"ಅಮ್ಮನ ಸಾಲ ತೀರಿತು," ಅಂದರು.

"ನನ್ನದು ತೀರಿಲ್ಲ ಅಂಕಲ್."

"ಇಲ್ಲ, ತೀರಿಲ್ಲ." ಇನ್ನೊಂದು ಪಾಲನ್ನು ಅವಳ ಅಂಗೈಗೆ ಸುರಿದರು. "ಇದನ್ನು ನೀನು ಬೆಳಿ. ಪ್ರತಿ ವರ್ಷ ನಾಲಿಗೆಗಿಟ್ಟು ನೋಡು. ನನ್ನಿಂದ ಇನ್ನು ಆಗೋದಿಲ್ಲ."

ಅಂದು ಸಂಜೆ ವಸಂತಾ ಬೇಲಿಯ ಬುಡದ ಬ್ಯಾಡಗಿ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತಳು. ಆ ಮಣ್ಣನ್ನು ಬಿತ್ತನೆಯ ಕಾಲವಾದ ಅಕ್ಟೋಬರಿನವರೆಗೆ ಖಾಲಿ ಬಿಟ್ಟಳು.