ಹದಿನೇಳನೆಯ ಕಾರ್ಡು

ರುದ್ರಯ್ಯನವರು ಜನ್ಮದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ. ಆದರೆ ಫುಟ್‌ಬಾಲಿನ ವಿಷಯದಲ್ಲಿ ಅವರಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಕಾಶಿಯ ಜಂಗಮವಾಡಿ ಗಲ್ಲಿಯಲ್ಲಿ ಕನ್ನಡದ ಯಾತ್ರಿಕರು ಇಳಿದುಕೊಳ್ಳುವ ಛತ್ರವೊಂದಕ್ಕೆ ಅವರು ಮ್ಯಾನೇಜರು. ೨೦೦೨ರ ಜೂನಿನಲ್ಲಿ ವಿಶ್ವಕಪ್ ಮ್ಯಾಚುಗಳು ಮಟಮಟ ಮಧ್ಯಾಹ್ನವೇ ಟಿವಿಯಲ್ಲಿ ಬರುತ್ತಿದ್ದುದರಿಂದ, ಗಂಟುಮೂಟೆ ಹೊತ್ತು ಬಂದವರು ಕೋಣೆಯ ಕೀಲಿಗಾಗಿ ಹಾಫ್‌ಟೈಮಿನವರೆಗೆ ಕಾಯಬೇಕಾಗಿತ್ತು.

"ಇವರೇನು ಆಟಗಾರರೇನ್ರಿ? ಗಾಳಿ ಬೀಸಿದ್ರ ಬೀಳತಾರ. ಕೂದಲಕ್ಕ ಬಣ್ಣಾ ಬ್ಯಾರೆ!" ಎಂದು ಕಾಯುತ್ತಿದ್ದವರಿಗೇ ಪ್ರವಚನ. "ನಮ್ಮ ಕಾಲದಾವ್ರು ಮೊಣಕಾಲು ಒಡದ್ರೂ ಅರಿಷಿಣ ಮೆತ್ತಿಕೊಂಡು ಆಡತಿದ್ರು."

ನಮ್ಮ ಕಾಲದವರು ಎಂದರೆ ಇಪ್ಪತ್ನಾಲ್ಕು ಮಂದಿ. ಗದಗಿನಲ್ಲಿ ಹುಡುಗನಾಗಿದ್ದಾಗ ಪೆಪ್ಪರ್‌ಮಿಂಟ್ ಪೊಟ್ಟಣದೊಳಗೆ ಒಂದೊಂದಾಗಿ ಬರುತ್ತಿದ್ದ, ನಮ್ಮ ದೇಶದ ಆಟಗಾರರ ಬಣ್ಣದ ಕಾರ್ಡುಗಳು. ಸೆಟ್ಟು ಪೂರ್ತಿಯಾಗುವಷ್ಟರಲ್ಲಿ ಎರಡು ದವಡೆಹಲ್ಲು ಹುಳುಕಾಗಿದ್ದವು. ಅವರಲ್ಲಿ ಒಬ್ಬರ ಆಟವನ್ನೂ ರುದ್ರಯ್ಯ ಕಣ್ಣಾರೆ ಕಂಡದ್ದಿಲ್ಲ, ರೇಡಿಯೊದಲ್ಲಿ ಕೇಳಿದ್ದಷ್ಟೇ. ಈಗ ಕಾರ್ಡುಗಳು ಬನಾರಸಿ ಸೀರೆಯ ಪೆಟ್ಟಿಗೆಯಲ್ಲಿ ಮಲಗಿದ್ದವು. ಅದರೊಳಗಿರಬೇಕಾದ, ಹೆಂಡತಿ ನೀಲಗಂಗಮ್ಮನವರ ಸೀರೆ ಗೂಟಕ್ಕೆ ನೇತಾಡುತ್ತಿತ್ತು.

ಅಂಥದ್ದರಲ್ಲಿ ಬೆಂಗಳೂರಿನಿಂದ ಒಬ್ಬ ಮುದುಕರು ಬಂದು, ರಿಜಿಸ್ಟರಿನಲ್ಲಿ ಗೋಪಾಲಕೃಷ್ಣ ಎಂದು ಬರೆದರು. ಹೆಸರು ಓದಿ, ಎಡಹುಬ್ಬಿನ ಮೇಲಿನ ಗಾಯದ ಕಲೆ ನೋಡಿ, ರುದ್ರಯ್ಯ ಕುರ್ಚಿ ಬಿಟ್ಟು ಎದ್ದರು. "ಸಾಹೇಬ್ರ! ನೀವು ಹದಿನೇಳನೇ ನಂಬರು!"

"ಒಂಬತ್ತನೇ ಕೋಣೆ ಅಂದ್ರಲ್ಲ?" ಎಂದು ಮುದುಕರು ಗಾಬರಿಯಾದರು.

ಕಾರ್ಡಿನ ಮೇಲೆ ಅವರದೊಂದು ಸಹಿ ಬೀಳಬೇಕು. ರುದ್ರಯ್ಯನವರಿಗೆ ರಾತ್ರಿಯಿಡೀ ಅದೇ ಧ್ಯಾನ. ಬೆಳಿಗ್ಗೆ ಗೋಪಾಲಕೃಷ್ಣ ದಶಾಶ್ವಮೇಧ ಘಾಟಿನಿಂದ ಒದ್ದೆ ಪಂಚೆಯಲ್ಲಿ ಮರಳಿದಾಗ ಬಾಗಿಲಲ್ಲೇ ಕೇಳಿದರು.

"ತಪ್ಪು ತಿಳ್ಕೋಬೇಡಿ," ಎಂದರು ಮುದುಕರು. "ಕಾಶಿಗೆ ಬಂದವರು ಇಷ್ಟವಾದ್ದು ಒಂದನ್ನ ಬಿಡಬೇಕಲ್ವಾ? ಈಗಷ್ಟೇ ಗಂಗೇಲಿ ಮುಳುಗಿ ಫುಟ್‌ಬಾಲ್ ಬಿಟ್ಟುಬಂದೆ. ಇನ್ಮೇಲೆ ಅದರ ಮಾತಿಲ್ಲ, ಸಹಿನೂ ಇಲ್ಲ."

"ಊರ ಮಂದಿ ಎಲ್ಲಾ ಹಾಗಲಕಾಯಿ ಬಿಟ್ಟು ಹೋಗತಾರ. ನಿಮಗೇನಾಗಿತ್ರಿ?"

"ಹಾಗಲಕಾಯಿ ನನಗೆ ತುಂಬ ಇಷ್ಟ. ಅದನ್ನ ಬಿಡೋಕೆ ಮನಸ್ಸಾಗ್ಲಿಲ್ಲ."

ಒಳಗೆ ನೀಲಗಂಗಮ್ಮ ಸೆರಗು ಬಾಯಿಗೊತ್ತಿ ನಕ್ಕರು. "ನಮ್ಮವರು ಇಪ್ಪತ್ತು ವರ್ಷ ಆತು ಕಾಶ್ಯಾಗದಾರ. ಇನ್ನೂ ಎಲಿಅಡಕಿ ಬಿಟ್ಟಿಲ್ಲ!"

ಸಂಜೆಯ ಗಾಡಿಗೆ ಮುದುಕರು ಹೊರಡುವವರು. ಕಾರ್ಡು ಕಂಡರೆ ಕರಗಿಯಾರು ಎಂದು ರುದ್ರಯ್ಯ ಪೆಟ್ಟಿಗೆ ತಂದು, ಹದಿನೇಳನೆಯದನ್ನು ಅವರ ಕೈಗೆ ಕೊಟ್ಟರು. ಮುದುಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಷ್ಟೊಂದು ಕೂದಲಿತ್ತಾ ನನಗೆ?" ಎಂದರು. "ನನ್ನ ಹತ್ರ ಇದ್ದ ಫೋಟೊ ಎಲ್ಲ ಗೆದ್ದಲು ತಿಂತು. ನಾನು ಆಡಿದ್ದೇ ಸುಳ್ಳು ಅಂತಾಳೆ ಮೊಮ್ಮಗಳು. ರುದ್ರಯ್ಯನವರೇ, ಇದನ್ನ ನನಗೆ ಕೊಡ್ತೀರಾ? ವ್ರತ ಹಾಳಾಗಲಿ, ಬೇಕಾದಷ್ಟು ಸಹಿ ಹಾಕ್ತೀನಿ."

ರುದ್ರಯ್ಯ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡರು. "ನಿಮ್ಮ ಸಲುವಾಗಿ ಜೀವಾ ಕೊಡತೇನ್ರಿ, ಸಾಹೇಬ್ರ. ಆದ್ರ ಇದು ಸೆಟ್ಟು ನೋಡ್ರಿ. ಒಂದು ಹೋದ್ರ ಇಪ್ಪತ್ಮೂರಾಗತಾವ."

"ಖುದ್ದ ಅವರೇ ನಿಮ್ಮ ಎದುರಿಗೆ ಕುಂತಾರ!" ದಾರಿಗೆ ಬುತ್ತಿ ಕಟ್ಟುತ್ತಿದ್ದ ನೀಲಗಂಗಮ್ಮ ಅಡುಗೆಮನೆಯಿಂದಲೇ ರೇಗಿದರು. "ಕಾಗದದ ಚೂರು ಕೊಡಾಕ ಏನ ಧಾಡಿ ನಿಮಗ?"

ರುದ್ರಯ್ಯ ಕಾರ್ಡನ್ನು ಮೆಲ್ಲಗೆ ಮುದುಕರ ಬೆರಳುಗಳಿಂದ ಬಿಡಿಸಿಕೊಂಡು ಗೋದೌಲಿಯಾ ಚೌಕದ ಕಡೆಗೆ ಓಡಿದರು. ಅರ್ಧ ಗಂಟೆಯ ಮೇಲೆ ಜೆರಾಕ್ಸಿನೊಂದಿಗೆ ಬಂದರು. ಅದರಲ್ಲಿ ಮುಖವೆಲ್ಲ ಮಸಿ. ಜೆರ್ಸಿಯ ಪಟ್ಟೆಗಳು ಮಾತ್ರ ಸೊಗಸಾಗಿ ಬಂದಿದ್ದವು.

"ಹೋಲತೈತಿ ಬಿಡ್ರಿ," ಎಂದರು.

ಗೋಪಾಲಕೃಷ್ಣ ಆ ಹಾಳೆಯನ್ನು ನೋಡಿದರು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಮಸಿಯ ಕೆಳಗೆ ದುಂಡಗೆ ಸಹಿ ಹಾಕಿ, ರುದ್ರಯ್ಯನವರಿಗೇ ಹಿಂದಿರುಗಿಸಿದರು. "ಇಟ್ಕೊಳ್ಳಿ. ನೀವು ಕೇಳಿದ್ದು ಇದನ್ನೇ ಅಲ್ವಾ?" ಬುತ್ತಿಯ ಗಂಟನ್ನೂ ಮರೆತು ರಿಕ್ಷಾ ಹತ್ತಿದರು.

ರುದ್ರಯ್ಯ ಹದಿನಾರು ಹದಿನೆಂಟರ ನಡುವೆ ಕಾರ್ಡನ್ನು ಸೇರಿಸಿದರು. ಜೆರಾಕ್ಸನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದೇ ನಿಂತಿದ್ದಾಗ ಒಳಗಿನಿಂದ ದನಿ ಬಂತು.

"ಆ ಕಾರ್ಡು ಕೊಟ್ರ್ಯೋ ಇಲ್ಲೋ?"

"ಕೊಟ್ನಿ, ಕೊಟ್ನಿ," ಎಂದು ಅವರು ಟಿವಿ ಹಚ್ಚಿದರು.