ಹದಿನೆಂಟು ಮಿಲಿಮೀಟರ್

ನಿರಂಜನ ಆ ಪಟ್ಟಿಯನ್ನು ಎಷ್ಟು ಸಲ ಬರೆದು ಎಷ್ಟು ಸಲ ಹರಿದು ಹಾಕಿದ್ದನೋ ಲೆಕ್ಕವಿಲ್ಲ. ಮದರ್‌ಬೋರ್ಡ್ ಯಾವುದು, ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟಿರಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಟದಲ್ಲಿ ಓಡುವ ಕಾರಿನ ಬಾನೆಟ್ಟಿನ ಮೇಲೆ ಮೋಡದ ಬಿಂಬ ಕಾಣುತ್ತದೆ ಎಂಬ ಘನವಾದ ವಿಚಾರಗಳಲ್ಲಿ ಅವನು ಮುಳುಗಿದ್ದಾಗ ಇಂಜಿನಿಯರಿಂಗಿನ ಎರಡು ಪೇಪರುಗಳು ಪಾಸಾಗದೆ ಉಳಿದಿದ್ದವು. ಅದು 2004ನೇ ಇಸವಿ. ಶಿವಮೊಗ್ಗದ ವಿದ್ಯಾನಗರದ ಮನೆಯಲ್ಲಿ ಊಟಕ್ಕೆ ಕರೆದರೆ ಆತ ಪಟ್ಟಿ ಹಿಡಿದುಕೊಂಡೇ ಎಲೆಯ ಮುಂದೆ ಕೂರುತ್ತಿದ್ದ.

ಕಂಪ್ಯೂಟರ್ ಅವನೊಬ್ಬನದೇ ಅಲ್ಲ. ಭದ್ರಾವತಿಯ ಜನ್ನಾಪುರದ ವಿಜಯೇಂದ್ರ, ಅವನ ಕ್ಲಾಸಿನವನೇ, ಅದರಲ್ಲಿ ಅರ್ಧ ಪಾಲುದಾರ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂದು ಒಪ್ಪಂದವಾಗಿತ್ತು. ಇಬ್ಬರ ಮನೆಯಲ್ಲೂ ಹಳೆಯ ಮಾನಿಟರ್ ಒಂದೊಂದು ಇದ್ದುದರಿಂದ ಬಸ್ಸಿನಲ್ಲಿ ಓಡಾಡಬೇಕಾದದ್ದು ಸಿಪಿಯು ಪೆಟ್ಟಿಗೆ ಮಾತ್ರ. ಆದರೆ ಅಂಗಡಿಯಲ್ಲಿ ಸಿಗುವ ಕ್ಯಾಬಿನೆಟ್ಟುಗಳೆಲ್ಲ ಮೊಣಕಾಲೆತ್ತರದವು. ತೊಡೆಯ ಮೇಲಿಟ್ಟುಕೊಂಡು ಕೂರುವಂಥದ್ದು ಶಿವಮೊಗ್ಗದಲ್ಲಿ ಹುಡುಕಿದರೂ ಸಿಗಲಿಲ್ಲ.

"ನಮ್ಮಪ್ಪ ಮಾಡಿಕೊಡ್ತಾರೆ ಬಿಡೋ ಮಾರಾಯ," ಅಂದ ವಿಜಯೇಂದ್ರ. "ದಿನಾ ಮಾಡೋ ಕೆಲ್ಸ ಅದೇ ತಾನೆ."

ಅವನಪ್ಪ ಓಂಕಾರಪ್ಪನವರು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕರೆಂಟಿನ ಪ್ಯಾನೆಲ್ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ತಗಡಿನ ಮೇಲೆ ಗುರುತು ಹಾಕುವ ಮೇಜು ಅವರದು. ಅವರು ಗೆರೆ ಎಳೆದ ಮೇಲೆ ಉಳಿದವರು ಕಣ್ಣು ಮುಚ್ಚಿಕೊಂಡು ಕತ್ತರಿಸುತ್ತಿದ್ದರು. ಸ್ಟೀಲ್ ಸ್ಕೇಲನ್ನು ಒಂದು ಸಲ ಇಟ್ಟು, ಒಂದು ಸಲ ಗೀರಿ, ಮುಂದಿನ ತಗಡಿಗೆ ಹೋಗುವುದು ಅವರ ಪದ್ಧತಿ. ಇನ್ನೊಮ್ಮೆ ನೋಡಿ ಎಂದು ಯಾರಾದರೂ ಹೇಳಿದರೆ, "ನಾನು ಒಂದೇ ಸಲ ಅಳೆಯೋನಪ್ಪ," ಎಂದು ನಗುತ್ತಿದ್ದರು. ಆ ಒಂದು ಮಾತಿನಲ್ಲಿ ಮಾತ್ರ ಅವರಿಗೆ ಸ್ವಲ್ಪ ಜಂಬ.

ನಿರಂಜನ ದುರ್ಗಿಗುಡಿಯ ತ್ರಿವಿಕ್ರಮನ ಕಂಪ್ಯೂಟರ್ ಅಂಗಡಿಗೆ ಹೋಗಿ, ಒಂದೊಂದು ಭಾಗವನ್ನೂ ಗಾಜಿನ ಕಪಾಟಿನಿಂದ ತೆಗೆಸಿ, ಅಳೆದು, ಒಂದು ಚೀಟಿಯಲ್ಲಿ ಬರೆದುಕೊಂಡ. ಗ್ರಾಫಿಕ್ಸ್ ಕಾರ್ಡಿನ ಮುಂದೆ ಹಾರ್ಡ್ ಡಿಸ್ಕಿನ ಸ್ಟ್ಯಾಂಡ್ ಬರುತ್ತಿತ್ತು. ಅವೆರಡಕ್ಕೂ ಜಗಳವಾಗಬಾರದಲ್ಲ, ಹಾಗಾಗಿ 'ಕಾರ್ಡಿಗೆ ಜಾಗ 172 ಮಿ.ಮೀ.' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಓಂಕಾರಪ್ಪ ಚೀಟಿ ಓದಿ, "ಇದೇ ಫೈನಲ್ ತಾನೇ?" ಎಂದು ಕೇಳಿದರು. "ಆಮೇಲೆ ಅದು ಬೇಡ ಇದು ಬೇಕು ಅನ್ಬೇಡ. ಕತ್ತರಿಸಿದ ಮೇಲೆ ತಗಡು ಬೆಳೆಯಲ್ಲ ಮಾರಾಯ."

"ಫೈನಲ್ ಅಂಕಲ್," ಅಂದ ನಿರಂಜನ. ಆಗ ಅದು ನಿಜವೇ ಆಗಿತ್ತು.

ನಾಲ್ಕು ದಿನ ಕಳೆಯುವುದರೊಳಗೆ ಮನಸ್ಸು ಮಂಗನಾಯಿತು. ತ್ರಿವಿಕ್ರಮ ಬೆಂಗಳೂರಿನಿಂದ ಹೊಸ ಕಾರ್ಡೊಂದು ತರಿಸಿದ್ದ. ಅದರ ಫ್ಯಾನೇ ಬೇರೆ, ಗತ್ತೇ ಬೇರೆ. ಅದರ ರಟ್ಟಿನ ಡಬ್ಬದ ಮೇಲಿನ ಚಿತ್ರದಲ್ಲೇ ನೀರು ನೀರಿನಂತೆ ಹೊಳೆಯುತ್ತಿತ್ತು. ಸೀಲು ಒಡೆದು ಅಳೆಯಲು ತ್ರಿವಿಕ್ರಮ ಬಿಡಲಿಲ್ಲ. ಸ್ವಲ್ಪ ಉದ್ದವಿರಬಹುದು ಎಂದು ನಿರಂಜನನಿಗೆ ಅನ್ನಿಸಿದ್ದು ಸುಳ್ಳಲ್ಲ. ವರ್ಕ್‌ಶಾಪಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಫೈನಲ್ ಅಂದ ಬಾಯಿಂದಲೇ ಫೈನಲ್ ಅಲ್ಲ ಅನ್ನಬೇಕಲ್ಲ! ವಿಜಯೇಂದ್ರನ ಮನೆಯಲ್ಲಿ ಅವನು ಎಲ್ಲ ತಿಳಿದವನು. ತಿಳಿದವನ ಪಟ್ಟ ಬಿಟ್ಟು ಇಳಿಯುವುದು ಹತ್ತೊಂಬತ್ತರ ವಯಸ್ಸಿಗೆ ಸುಲಭವಲ್ಲ. ಏನಾಗುತ್ತೆ ಮಹಾ, ಹೊಂದಿಕೊಳ್ಳುತ್ತೆ ಎಂದುಕೊಂಡು, ವಿಜಯೇಂದ್ರನಿಗೂ ಹೇಳದೆ ಕಾರ್ಡನ್ನು ಬ್ಯಾಗಿಗೆ ಸೇರಿಸಿದ.

ಭಾನುವಾರ ಜನ್ನಾಪುರದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಜೋಡಣೆಗೆ ಕುಳಿತರು. ಓಂಕಾರಪ್ಪ ಮಾಡಿದ ಪೆಟ್ಟಿಗೆಯನ್ನು ನಿರಂಜನ ತಿರುಗಿಸಿ ತಿರುಗಿಸಿ ನೋಡಿದ. ಮೂಲೆಗಳನ್ನು ಕೈಗೆ ತಾಗದಂತೆ ಉಜ್ಜಿದ್ದರು, ಮೇಲೆ ಎತ್ತಿಕೊಳ್ಳಲು ಹಿಡಿಕೆ ಇಟ್ಟಿದ್ದರು. ಮದರ್‌ಬೋರ್ಡ್ ತನ್ನ ಮನೆಗೆ ತಾನೇ ಬಂದಂತೆ ಕೂತಿತು. ಹಾರ್ಡ್ ಡಿಸ್ಕ್ ಕೂತಿತು. ಕೊನೆಗೆ ಕಾರ್ಡಿನ ಸರದಿ. ಅದು ಹೋಗಿ ಹಾರ್ಡ್ ಡಿಸ್ಕಿನ ಸ್ಟ್ಯಾಂಡಿಗೆ ಢಿಕ್ಕಿ ಹೊಡೆದು ನಿಂತಿತು.

"ಅಪ್ಪಾ, ಇಲ್ಲಿ ಬಾರಪ್ಪ. ಅಳತೆ ತಪ್ಪಿಬಿಟ್ಟಿದೆ!" ಎಂದು ವಿಜಯೇಂದ್ರ ಒಳಗಡೆ ತಿರುಗಿ ಕೂಗಿದ.

ಚೀಟಿಯನ್ನು ಓಂಕಾರಪ್ಪ ಮುಚ್ಚಳದ ಒಳಬದಿಗೆ ಅಂಟಿಸಿಟ್ಟಿದ್ದರು. ಮುಚ್ಚಳ ನಿರಂಜನನ ಮೊಣಕಾಲಿನ ಪಕ್ಕದಲ್ಲೇ ಇತ್ತು. 172, ಕೆಳಗೆ ಎರಡು ಗೆರೆ. ಅವನ ಕೈ ಅವನನ್ನು ಕೇಳಲಿಲ್ಲ. ಚೀಟಿಯನ್ನು ಕಿತ್ತು, ಮಡಚಿ, ಜೇಬಿಗೆ ಹಾಕಿತು. ಓಂಕಾರಪ್ಪ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವನು ಬಹಳ ಗಂಭೀರವಾಗಿ ಕಾರ್ಡನ್ನೇ ನೋಡುತ್ತಿದ್ದ.

ಅವರು ಅಳೆದರು. "ಕಾರ್ಡು ನೂರ ತೊಂಬತ್ತು. ನಾನು ಬಿಟ್ಟಿರೋದು ನೂರ ಎಪ್ಪತ್ತೆರಡು. ಹದಿನೆಂಟು ಮಿಲಿಮೀಟರ್!" ಮುಚ್ಚಳ ತಿರುಗಿಸಿ ನೋಡಿದರು. "ಚೀಟಿ ಇಲ್ಲೇ ಅಂಟಿಸಿದ್ನಲ್ಲ... ದಾರೀಲಿ ಉದುರಿತೇನೋ."

"ಅಳತೆ ನಾನು ಸರಿಯಾಗೇ ಬರೆದುಕೊಟ್ಟಿದ್ದೆ ಅಂಕಲ್," ಅಂದ ನಿರಂಜನ.

ಅಕ್ಷರಶಃ ನೋಡಿದರೆ ಮಾತು ನಿಜ. ಬೇರೆ ಕಾರ್ಡಿನ ಅಳತೆ, ಸರಿಯಾಗಿಯೇ ಬರೆದಿದ್ದ. ಸುಳ್ಳು ಹೇಳದೆ ಸುಳ್ಳು ಹೇಳಿದ ಈ ಜಾಣತನವೇ ಆಮೇಲೆ ಅವನನ್ನು ಹೆಚ್ಚು ತಿಂದದ್ದು.

"ಹಂಗಾದ್ರೆ ನಾನೇ ತಪ್ಪಿದೀನಿ," ಎಂದರು ಓಂಕಾರಪ್ಪ. "ಆ ವಾರ ಪ್ಯಾನೆಲ್ಲು ಬಹಳ ಇತ್ತು. ಯಾವ್ದರ ಅಳತೆ ಯಾವ್ದಕ್ಕೆ ಹಾಕಿದ್ನೋ." ಒಳಗಿನಿಂದ ಅವರ ಹೆಂಡತಿ ಮಹಾಂತಮ್ಮ, "ಚಾಳೀಸು ಬಂದಿದೆ, ಕನ್ನಡಕ ಹಾಕ್ಕೊಳ್ರೀ ಅಂದ್ರೆ ಕೇಳಲ್ಲ," ಎಂದು ನಕ್ಕರು. ವಿಜಯೇಂದ್ರನೂ ನಕ್ಕ. ಓಂಕಾರಪ್ಪ ನಗಲಿಲ್ಲ. ಮರುದಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ, ಹಳೆಯ ಸ್ಟ್ಯಾಂಡನ್ನು ಕಿತ್ತು, ಮುಂಭಾಗ ಕತ್ತರಿಸಿ, ಹಾರ್ಡ್ ಡಿಸ್ಕಿಗೆಂದು ಹೊರಗೆ ಚಾಚಿಕೊಂಡಿರುವ ಪುಟ್ಟ ಗೂಡೊಂದನ್ನು ರಿವೆಟ್ ಹೊಡೆದು ಕೂರಿಸಿ ತಂದರು. ಚೆಂದದ ಪೆಟ್ಟಿಗೆಗೆ ಮೂಗು ಬಂತು.

ಆಟ ಭರ್ಜರಿಯಾಗಿತ್ತು. ಬಾನೆಟ್ಟಿನ ಮೇಲೆ ಮೋಡ ಕಂಡಿತು. ನಿರಂಜನನಿಗೆ ಮಾತ್ರ ಮೂಗೇ ಕಾಣುತ್ತಿತ್ತು. ವಾರಕ್ಕೊಮ್ಮೆ ಪೆಟ್ಟಿಗೆಯನ್ನು ರೆಕ್ಸಿನ್ ಬ್ಯಾಗಿಗೆ ಹಾಕಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಅದು ನೆಟ್ಟಗೆ ಹೊಟ್ಟೆಗೆ ಚುಚ್ಚುತ್ತಿತ್ತು. ಮಾಚೇನಹಳ್ಳಿ ಬಂದಾಗ ವರ್ಕ್‌ಶಾಪಿನ ಗೇಟು ಕಾಣುತ್ತದೆಂದು ಅವನು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದ. ಚೀಟಿಯನ್ನು ಎಸೆಯಬೇಕೆಂದು ಎಷ್ಟೋ ಸಲ ತೆಗೆದ, ಎಸೆಯಲು ಕೈ ಬರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಎಂದು ತನ್ನನ್ನೇ ಬೈದುಕೊಂಡ. ಪೆಟ್ಟಿಗೆ ಸರಿಯಾಯಿತಲ್ಲ, ಯಾರಿಗೇನು ನಷ್ಟ?

ನಷ್ಟವೇನೆಂದು ಐದನೇ ತಿಂಗಳಲ್ಲಿ ಗೊತ್ತಾಯಿತು. ಕಾಲೇಜಿನ ಕ್ಯಾಂಟೀನಿನಲ್ಲಿ ವಿಜಯೇಂದ್ರ ಬೇರೇನೋ ಮಾತಾಡುತ್ತಾ, "ಅಪ್ಪ ಮಾರ್ಕಿಂಗ್ ಕೆಲ್ಸ ಬಿಟ್ಬಿಟ್ರು ಕಣೋ," ಅಂದ.

"ಯಾಕೆ?"

"ಅವರೇ ಮಾಲೀಕರ ಹತ್ರ ಹೋಗಿ, ನನ್ನ ಕಣ್ಣು ನಂಬೋ ಹಂಗಿಲ್ಲ, ಮೇಜು ಬೇರೆಯೋರಿಗೆ ಕೊಡಿ ಅಂದ್ರಂತೆ. ಪೆಟ್ಟಿಗೆ ತಪ್ಪಾದ ವಾರಾನೇ. ನಂಗೂ ಈಗ ಗೊತ್ತಾಯ್ತು. ಅವತ್ತಿಂದ ಪೇಂಟಿಂಗಲ್ಲಿದಾರೆ. ಸ್ಪ್ರೇ ಹೊಡೆದು ಹೊಡೆದು ಕೆಮ್ಮು. ಕಣ್ಣಿನ ಡಾಕ್ಟ್ರಿಗೆ ತೋರ್ಸಿದ್ವಿ, ಏನೂ ತೊಂದ್ರೆ ಇಲ್ಲ ಅಂದ್ರು. ಅಪ್ಪ ಒಪ್ಪಲ್ಲ. ಕಣ್ಣು ಚೆನ್ನಾಗಿದ್ರೆ ಆ ಪೆಟ್ಟಿಗೆ ಯಾಕೆ ತಪ್ಪಾಯ್ತು ಅಂತಾರೆ."

ನಿರಂಜನ ಅಲ್ಲೇ ಹೇಳಿಬಿಡಬೇಕಿತ್ತು. ಇನ್ನೂ ಮೂರು ದಿನ ತೆಗೆದುಕೊಂಡ. ಅಷ್ಟು ದಿನ ಆ ಮನುಷ್ಯ ಬಣ್ಣದ ಹೊಗೆಯಲ್ಲಿ ನಿಂತಿರುತ್ತಾರೆಂದು ಗೊತ್ತಿದ್ದೂ ತೆಗೆದುಕೊಂಡ. ಇದನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕು.

ಭಾನುವಾರ ಬೆಳಿಗ್ಗೆ ಬ್ಯಾಗಿನ ಸಮೇತ ಜನ್ನಾಪುರಕ್ಕೆ ಹೋದ. ಓಂಕಾರಪ್ಪ ಜಗಲಿಯಲ್ಲಿ ಕೂತಿದ್ದರು. ಉಗುರಿನ ಸಂದಿಯಲ್ಲಿ ಬೂದು ಬಣ್ಣ. ಕೂತ್ಕೋ ಎಂದರೂ ಅವನು ಕೂರಲಿಲ್ಲ.

"ಅಂಕಲ್, ಅಳತೆ ತಪ್ಪಿದ್ದು ನೀವಲ್ಲ. ಚೀಟಿ ಕೊಟ್ಟ ಮೇಲೆ ನಾನು ಕಾರ್ಡ್ ಬದಲಾಯಿಸಿದೆ. ನಿಮಗೆ ಹೇಳಲಿಲ್ಲ. ಚೀಟಿ ಉದುರಿರಲಿಲ್ಲ, ನಾನೇ ಕಿತ್ತು ಜೇಬಲ್ಲಿ ಇಟ್ಕೊಂಡೆ." ಚೀಟಿಯನ್ನು ಮುಂದೆ ಹಿಡಿದ.

ಬಾಗಿಲಲ್ಲಿ ನಿಂತಿದ್ದ ವಿಜಯೇಂದ್ರನ ಮುಖ ಕಪ್ಪಿಟ್ಟಿತು. ಓಂಕಾರಪ್ಪ ಬೈಯಲಿ, ಒಂದು ಏಟು ಕೊಡಲಿ ಎಂದು ನಿರಂಜನ ಕಾಯುತ್ತಿದ್ದ. ಅವರು ಚೀಟಿ ಓದಿದರು. ಪೆಟ್ಟಿಗೆಯನ್ನು ಬ್ಯಾಗಿನಿಂದ ತೆಗೆಸಿ, ಹಳೆಯ ಸ್ಟ್ಯಾಂಡಿನ ರಿವೆಟ್ ತೂತಿಗೆ ಸ್ಕೇಲಿಟ್ಟು ಬಗ್ಗಿದರು.

"ನೂರ ಎಪ್ಪತ್ತೆರಡು," ಎಂದರು. ಅವರ ಮುಖ ಅರಳಿತು. "ಮಹಾಂತಾ, ಬಾ ಇಲ್ಲಿ! ನನ್ನ ಕಣ್ಣು ಸರಿಯಾಗೇ ಇತ್ತು ಕಣೇ. ಒಂದು ನೂಲೂ ಆಚೀಚೆ ಇಲ್ಲ!"

ಮಹಾಂತಮ್ಮ ಬಂದರು, ವಿಷಯ ಕೇಳಿದರು. ಅವರು ಗಂಡನ ಹಾಗೆ ನಗಲಿಲ್ಲ. "ಐದು ತಿಂಗಳಿಂದ ಇವರು ಬಸ್ಸಿನ ಬೋರ್ಡು ಓದೋಕೂ ನನ್ನನ್ನ ಕೇಳ್ತಿದ್ರಲ್ಲೋ," ಎಂದರು. "ನಮ್ಮನೇಲಿ ಉಂಡು ಹೋಗ್ತಿದ್ದೆಯಲ್ಲಪ್ಪ ನೀನು." ನಿರಂಜನ ತಲೆ ಎತ್ತಲಿಲ್ಲ. ಆ ಕ್ಷಣದಲ್ಲಿ ಅವನಿಗೆ ತನ್ನ ಮೇಲೇ ಹೇಸಿಗೆ ಎನಿಸಿತು.

"ಬಿಡೇ, ಬಂದು ಹೇಳಿದಾನಲ್ಲ," ಎಂದರು ಓಂಕಾರಪ್ಪ. ಆಮೇಲೆ ದನಿ ತಗ್ಗಿಸಿ ಅವನನ್ನೇ ಕೇಳಿದರು. "ನಾಳೆ ಒಂದ್ ಸಲ ವರ್ಕ್‌ಶಾಪಿಗೆ ಬರ್ತೀಯೇನಪ್ಪ? ಮಾಲೀಕರ ಮುಂದೆ ಇದನ್ನೇ ಹೇಳ್ಬೇಕು. ನಾನು ಹೇಳಿದ್ರೆ ನಂಬ್ತಾರೋ ಇಲ್ವೋ."

ಸೋಮವಾರ ನಿರಂಜನ ಮಾಚೇನಹಳ್ಳಿಯಲ್ಲಿ ಇಳಿದ. ಮಾಲೀಕ ವೆಂಕಟಾಚಲ ಅವನ ಮಾತು ಪೂರ್ತಿ ಕೇಳಿ, ಚೀಟಿ ನೋಡಿ, "ಒಳ್ಳೆ ಓದಿದ ಹುಡುಗ ಕಣಯ್ಯ ನೀನು," ಅಂದರು. ಸುತ್ತ ನಿಂತ ಕೆಲಸದವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ನಿರಂಜನ ತನ್ನ ತಪ್ಪನ್ನು ಗಟ್ಟಿಯಾಗಿ ಹೇಳಿದ್ದ.

"ಬಾರಯ್ಯ ಓಂಕಾರಪ್ಪ, ನಿನ್ನ ಮೇಜು ಎಲ್ಲಿಗೂ ಹೋಗಿಲ್ಲ," ಎಂದು ವೆಂಕಟಾಚಲ ಹೊಸ ತಗಡೊಂದನ್ನು ಹಾಕಿಸಿದರು.

ಓಂಕಾರಪ್ಪ ಕೈ ತೊಳೆದು ಬಂದರು. ಸ್ಕೇಲು ಇಟ್ಟರು, ಗೀರಿದರು. ಕತ್ತರಿಸುವವನು ತಗಡಿಗೆ ಕೈ ಹಾಕಿದ.

"ತಾಳು," ಎಂದರು ಅವರು. ಇನ್ನೊಮ್ಮೆ ಅಳೆದರು. ಕಣ್ಣುಜ್ಜಿಕೊಂಡು ಮೂರನೇ ಸಲ ಅಳೆದರು. ಓಂಕಾರಪ್ಪ ತಿರುಗಿ ನಿರಂಜನನನ್ನು ಹತ್ತಿರ ಕರೆದರು.

"ಸ್ವಲ್ಪ ನೀನೂ ನೋಡು ಮಾರಾಯ. ನಾನೂರ ಐವತ್ತು ಇದೆ ಅಲ್ವಾ?"

ನಿರಂಜನ ಬಗ್ಗಿ ನೋಡಿದ. ಗೆರೆ ನಾನೂರ ಐವತ್ತರ ಮೇಲೆಯೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಸರಿಯಾಗಿದೆ ಅಂಕಲ್," ಅಂದ.

ಓಂಕಾರಪ್ಪ ತಲೆಯಾಡಿಸಿದರು. ಆಮೇಲೆ ಸ್ಕೇಲನ್ನು ಮತ್ತೆ ತಗಡಿನ ಮೇಲಿಟ್ಟರು.